ಗಿಟಾರಿನವನ ಮಾತಿಗೆ ಕಿವಿ, ಉರುಮೆಯವನ ಮಾತಿಗೆ?

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರು ಬಸ್ಸಿಗೆ ಕಾಯುವ ಕಾಲೇಜು ಹುಡುಗರಲ್ಲಿ ಕೆಲವರ ಬಾಯಲ್ಲಿ ಈಗ ಸಿನಿಮಾ ಮಾತಿಲ್ಲ, ಕ್ರಿಕೆಟ್ ಮಾತೂ ಇಲ್ಲ. ಇರೋದು ಸಿಡ್ ಬ್ಯಾರೆಟ್ ಮಾತು! ಯಾರಪ್ಪಾ ಈ ಪುಣ್ಯಾತ್ಮ ಅಂತೀರಾ? ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಶುರುವಿನ ದಿನಗಳ ಗಿಟಾರ್ ವಾದಕ. ಹಾಡು ಕಟ್ಟುತ್ತಿದ್ದವನೂ ಅವನೇ. ಮನಸ್ಸು ಹದಗೆಟ್ಟು 1968ರಲ್ಲಿ ತಂಡದಿಂದ ಹೊರಬಿದ್ದ. 1971ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಬಂದ ಸಂದರ್ಶನವೇ ಹೆಚ್ಚುಕಡಿಮೆ ಕೊನೆಯದು. ಆಮೇಲೆ ಕೇಂಬ್ರಿಡ್ಜಿನ ಮನೆ ಸೇರಿದವನು 2006ರಲ್ಲಿ ಸಾಯುವವರೆಗೂ ಪತ್ರಿಕೆಯವರಿಗೆ ಸಿಗಲಿಲ್ಲ.

ಆ ಹಳೇ ಸಂದರ್ಶನವನ್ನು ಮೊಬೈಲಿನಲ್ಲಿ ಓದಿದ ಹುಡುಗರಲ್ಲಿ ಎರಡು ಪಕ್ಷ. "ಇನ್ನೊಂದ್ಸಲ ಅವನನ್ನ ಮಾತಾಡಿಸಬೇಕಿತ್ತು" ಅಂತ ಒಂದು. "ಬೇಡ ಅಂದೋನ ಬಾಗಿಲು ಯಾಕಲೇ ತಟ್ಟಬೇಕು?" ಅಂತ ಇನ್ನೊಂದು. ಎರಡನೆಯವರದೇ ಸರಿ. ಅವನ ಮನೆ ಮುಂದೆ ಹೋಗಿ ಕ್ಯಾಮೆರಾ ಹಿಡಿದು ನಿಂತದ್ದು ಅಭಿಮಾನವಲ್ಲ, ಕಾಟ. 1975ರಲ್ಲಿ ಅವನೇ ಒಮ್ಮೆ ಸ್ಟುಡಿಯೋಗೆ ಬಂದಿದ್ದ. ತಲೆ, ಹುಬ್ಬು ಎಲ್ಲಾ ಬೋಳಿಸಿಕೊಂಡಿದ್ದ ಆ ದಪ್ಪ ಆಸಾಮಿಯ ಗುರುತು ಜೊತೆಗಾರರಿಗೇ ಮೊದಲು ಹತ್ತಲಿಲ್ಲ. ಅಂಥವನ ಹತ್ತಿರ ಏನಂತ ಕೇಳೋದು?

ಸರಿ, ಇದೇ ಹುಡುಗರಿಗೆ ಇನ್ನೊಂದು ಪ್ರಶ್ನೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಉರುಮೆ ನುಡಿಸುವ ಮುದುಕನ ಹೆಸರೇನು? ಗೊತ್ತಿಲ್ಲ. ಯಾವ ಊರು? ಅದೂ ಗೊತ್ತಿಲ್ಲ. ಸಂದರ್ಶನದ ಮಾತು ಹಾಗಿರಲಿ, ಹೆಸರು ಕೇಳಿದವರೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯೂ ಹೀಗೇ ಹೋಗಿಬಿಡುತ್ತಿದ್ದರೋ ಏನೋ. ಅಕ್ಷರ ಕಲಿಯದ ಆ ಅಜ್ಜಿಯ ಎದೆಯಲ್ಲಿದ್ದ ಪದಗಳನ್ನು ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡರು, ಉಳಿದವು. ಅಜ್ಜಿ ಈಗಿಲ್ಲ. ಪುಸ್ತಕ ಇದೆ.

ಸಿಡ್ ಬ್ಯಾರೆಟ್‌ಗೆ ಮಾತು ಬೇಡವಾಗಿತ್ತು, ಕೇಳೋರು ಸಾವಿರ ಜನ. ಇಲ್ಲಿ ಹೇಳೋರಿದ್ದಾರೆ, ಕೇಳೋರಿಲ್ಲ. ಜಾತ್ರೆಗೆ ಚಂದಾ ಕೊಡುವ ಪೇಟೆಯ ಸಾಹುಕಾರರು ಈ ಸಲ ಉರುಮೆಯವರ ಕೈಗೆ ನೋಟು ತುರುಕಿ ಸಾಗಹಾಕದೆ, ಅಂಗಡಿ ಕಟ್ಟೆ ಮೇಲೆ ಕೂರಿಸಿಕೊಳ್ಳಲಿ. ಹುಡುಗರ ಕೈಲಿ ಮೊಬೈಲ್ ಹೇಗೂ ಇದೆ. ಯಾರ ಹತ್ರ ಕಲಿತೆ ಅಜ್ಜಾ, ಯಾವ ದೇವರಿಗೆ ಯಾವ ಬಡಿತ, ಮೊಮ್ಮಕ್ಕಳು ಕಲಿತರಾ ಅಂತ ಕೇಳಿ ಹಿಡಿದಿಟ್ಟುಕೊಳ್ಳಲಿ.

ಬೇಡ ಅಂದರೆ ಟೀ ಕುಡಿಸಿ ಬಸ್ ಹತ್ತಿಸಲಿ.