ಗಣಕವಿದ್ಯೆಗೆ ಬೇಲಿ ಏಕೆ?

ಶಾಲೆಗೆ ಗಣಕಯಂತ್ರವು ಬಂದಿತೆಂದರೆ ಗಣಕವಿದ್ಯೆಯೇ ಬಂದಿತೆಂದು ನಂಬುವವರು ಬಹು ಜನರಿರುವರು. ಯಂತ್ರವನ್ನು ದಾನಿಗಳು ಕೊಟ್ಟಾರು, ಸರಕಾರವೂ ಕೊಟ್ಟೀತು. ಆದರೆ ಅದರೊಳಗೆ ನಡೆಯುವ ತಂತ್ರಾಂಶಕ್ಕೆ ಯಂತ್ರವೊಂದಕ್ಕೆ ಇಷ್ಟೆಂದು ಪರವಾನಿಗೆಯ ಹಣ ತೆರಬೇಕು; ಮೇಲೆ ಇಂಗ್ಲಿಷಿನ ಪಠ್ಯಪುಸ್ತಕದ ಬೆಲೆ ಬೇರೆ. ಆ ಪುಸ್ತಕವಾದರೂ ಕಲಿಸುವುದೇನು? ಒಂದು ಕಂಪನಿಯ ಒಂದು ಆವೃತ್ತಿಯಲ್ಲಿ ಯಾವ ಗುಂಡಿಯು ಯಾವ ಮೂಲೆಯಲ್ಲಿರುವುದೆಂಬುದನ್ನು! ಆವೃತ್ತಿಯು ಬದಲಾದೊಡನೆ ಪುಸ್ತಕವು ರದ್ದಿಗೆ ಸಲ್ಲುವುದು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನು ಯೋಜನೆಯನ್ನು ಸಾರಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸರ ಲಿನಕ್ಸ್ ಹೊರಬಂದಿತು. ಇಂಥ ಮುಕ್ತ ತಂತ್ರಾಂಶವನ್ನು ಬಳಸಲು, ಬಿಡಿಸಿ ನೋಡಲು, ತಿದ್ದಲು, ಪ್ರತಿಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡ. ನೆರೆಯ ಕೇರಳದ ಸರಕಾರಿ ಶಾಲೆಗಳು ಇದನ್ನೇ ಹಿಡಿದವು. ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳಿಂದ 3,000 ಕೋಟಿ ರೂಪಾಯಿ ಉಳಿಯಿತೆಂದು ಅಲ್ಲಿಯ ಕೈಟ್ ಸಂಸ್ಥೆಯು 2019ರಲ್ಲಿ ಹೇಳಿತು. ಯಂತ್ರಕ್ಕೆ ಒಂದೂವರೆ ಲಕ್ಷದಂತೆ ಬೀಳುವ ಈ ಲೆಕ್ಕವು ತುಸು ಉದಾರವಾದುದೇ ಸರಿ. ಹತ್ತನೆಯ ಪಾಲು ನಿಜವೆಂದರೂ 300 ಕೋಟಿಯಾಯಿತು.

ಪುಕ್ಕಟೆ ಸರಕಿಗೆ ಬೆಲೆಯಿಲ್ಲವೆಂದು ಕೆಲವರು ಮೂಗು ಮುರಿಯುವರು. ಹಾಗಾದರೆ ಪಾಠಶಾಲೆಯ ವಿದ್ಯಾರ್ಥಿಯು ಗುರುವಿನ ಓಲೆಗರಿಯನ್ನು ನೋಡಿ ಪ್ರತಿ ಬರೆದುಕೊಂಡ ವ್ಯಾಕರಣಕ್ಕೂ ಬೆಲೆಯಿಲ್ಲವೆನ್ನಬೇಕಾದೀತು. ಅಲ್ಲದೆ ಪುಕ್ಕಟೆ ಬೇರೆ, ಮುಕ್ತ ಬೇರೆ. ನುಡಿ, ಬರಹಗಳ ಹಳೆಯ ಅಕ್ಷರಪದ್ಧತಿಯಲ್ಲಿ ಬೆರಳಚ್ಚಾದ ಎಷ್ಟೋ ಕನ್ನಡ ಪ್ರಶ್ನಪತ್ರಿಕೆಗಳು, ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿಯಾಗಿ ಕಾಣುವವು. ಯೂನಿಕೋಡಿಗೆ ಈ ದೋಷವಿಲ್ಲ. ಹುಡುಗರಿಗೆ ನೌಕರಿ ಸಿಗಬೇಕಾದರೆ ಕಂಪನಿಯ ತಂತ್ರಾಂಶವನ್ನೇ ಕಲಿಯಬೇಕೆಂಬುದು ಇನ್ನೊಂದು ಆಕ್ಷೇಪ. ಲಿಬ್ರೆಆಫೀಸಿನಲ್ಲಿ ಅಂಗಡಿಯ ಲೆಕ್ಕವನ್ನು ಕೂಡಿಸಬಲ್ಲವನು ಮತ್ತೊಂದರಲ್ಲಿ ಕೂಡಿಸಲು ನಾಲ್ಕು ದಿನವೂ ಬೇಡ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ನಿಂತಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ನಿಯಮಗಳಿಗೆ ಒಗ್ಗವು. ದುಡಿಯಬಲ್ಲ ಎತ್ತನ್ನು ಕಟುಕನಿಗೆ ಮಾರುವ ರೈತನುಂಟೇ? ಅದೇ ಯಂತ್ರದಲ್ಲಿ ಹಗುರವಾದ ಲಿನಕ್ಸ್ ಇನ್ನೂ ಕೆಲವು ವರ್ಷ ನಡೆದೀತು.

ಹೆದ್ದಾರಿಯ ಮಗ್ಗುಲಿನ ಕಣಗಲಾದಂಥ ಗಡಿಯೂರುಗಳಿಗೆ ಇದರಲ್ಲಿ ಮತ್ತೊಂದು ಲಾಭವಿರುವುದು. ಇಲ್ಲಿ ಕನ್ನಡ ಮನೆಗಳಂತೆ ಮರಾಠಿ ಮನೆಗಳೂ ಇವೆ. ಮುಕ್ತ ಪರವಾನಿಗೆಯ ಕನ್ನಡ ಪಾಠವನ್ನು ಮರಾಠಿಗೆ ತಿರುಗಿಸಲು ಪ್ರಕಾಶಕನ ಬಾಗಿಲು ಕಾಯಬೇಕಿಲ್ಲ. ಶಿಕ್ಷಕರೇ ಪಾಠ ಬರೆದು ಹಂಚುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ಭಂಡಾರವೂ ರಾಜ್ಯದಲ್ಲಿ ಉಂಟು. ಹುಕ್ಕೇರಿ ತಾಲೂಕಿನ ಶಿಕ್ಷಕರು ಹತ್ತು ಮಂದಿ ಬೇಸಗೆಯ ರಜೆಯಲ್ಲಿ ಒಂದೆಡೆ ಕುಳಿತು ಆರನೆಯ ತರಗತಿಯ ಪಾಠಗಳನ್ನು ಬರೆಯಲಿ. ಮಳೆಗಾಲದಲ್ಲಿ ಶಾಲೆ ತೆರೆಯುವಷ್ಟರಲ್ಲಿ ಅವು ಪೆನ್ ಡ್ರೈವಿನಲ್ಲಿ ಊರೂರಿಗೆ ಹೋಗಲಿ. ಅಚ್ಚು ಬೇಕೆಂದವರು ಕಾಗದದ ಬೆಲೆಯನ್ನಷ್ಟೇ ಕೊಡಲಿ.