ಸವೆಯುವ ಭಾಗ, ಬಾಳುವ ಯಂತ್ರ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಮಾರ್ಗೇಟ್ ಎಂಬ ಕಡಲತೀರದ ಊರಿದೆ. 1950ರ ದಶಕದಿಂದ ಅಲ್ಲಿ ಟ್ರೈ-ಆಂಗ್ ಎಂಬ ಹೆಸರಿನ ಆಟಿಕೆ ರೈಲುಗಳು ತಯಾರಾಗುತ್ತಿದ್ದವು. ನಿಜವಾದ ರೈಲಿನ 76ನೆಯ ಒಂದು ಪಾಲಿನಷ್ಟು ಗಾತ್ರ. ಎರಡು ಹಳಿಗಳ ನಡುವಿನ ಅಂತರ ಕೇವಲ 16.5 ಮಿಲಿಮೀಟರ್. ಅವುಗಳನ್ನು ತಯಾರಿಸಿದ ಉದ್ಯಮಸಮೂಹ 1971ರಲ್ಲಿ ಕುಸಿದುಬಿದ್ದಿತು. ಆದರೆ ಆ ಕಾಲದ ಎಂಜಿನ್‌ಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಓಡುತ್ತಿವೆ. ಇದಕ್ಕೆ ಲೋಹದ ಗಟ್ಟಿತನವೊಂದೇ ಕಾರಣವಲ್ಲ. ಯಾವ ಭಾಗ ಮೊದಲು ಸವೆಯುತ್ತದೆ ಎಂಬುದನ್ನು ಅರಿತು, ಅದನ್ನು ಬದಲಿಸುವ ದಾರಿಯನ್ನು ಮುಚ್ಚದೆ ಬಿಟ್ಟದ್ದು ಮುಖ್ಯ ಕಾರಣ.

ಮಲೆನಾಡಿನ ಪತ್ರಿಕೆಗೆ ಆಟಿಕೆ ರೈಲಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನಾವು ಬೆನ್ನ ಮೇಲೆ ಹೊತ್ತು ತೋಟಕ್ಕೆ ಒಯ್ಯುವ ಬ್ಯಾಟರಿ ಸ್ಪ್ರೇಯರಿನ ಪಂಪನ್ನು ನಡೆಸುವುದು ಸಾಮಾನ್ಯವಾಗಿ 12 ವೋಲ್ಟಿನ ಇದೇ ಜಾತಿಯ ಪುಟ್ಟ ಮೋಟಾರು. ಅಡುಗೆಮನೆಯ ಮಿಕ್ಸಿಯೂ ದೂರದ ನೆಂಟನೇ. ಆಟಿಕೆಯ ಮೋಟಾರು ಚಿಕ್ಕದು, ಸರಳವಾದುದು. ಆದ್ದರಿಂದಲೇ ಯಂತ್ರವೊಂದು ಏಕೆ ಸಾಯುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಟ್ರೈ-ಆಂಗ್ ಎಂಜಿನ್‌ಗಳಲ್ಲಿ ದಶಕಗಳ ಕಾಲ ಬಳಕೆಯಾದುದು 'ಎಕ್ಸ್‌ 04' ಎಂಬ ಮೋಟಾರು. ಅದಕ್ಕೆ ಮುಚ್ಚಿದ ಡಬ್ಬಿಯಿಲ್ಲ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ. ಒಂದು ಕಾಯಂ ಅಯಸ್ಕಾಂತ, ಅದರ ನಡುವೆ ತಾಮ್ರದ ತಂತಿ ಸುತ್ತಿದ ಮೂರು ತೋಳಿನ ಆರ್ಮೇಚರ್, ಅದರ ತುದಿಯಲ್ಲಿ ಭೌತಶಾಸ್ತ್ರದ ಪುಸ್ತಕಗಳು ದಿಕ್ಪರಿವರ್ತಕ ಎಂದು ಕರೆಯುವ ಕಮ್ಯುಟೇಟರ್. ಅದರ ತಾಮ್ರದ ಮೂರು ತುಣುಕುಗಳಿಗೆ ಎರಡು ಕಾರ್ಬನ್ ಬ್ರಶ್‌ಗಳು ಒತ್ತಿಕೊಂಡು ವಿದ್ಯುತ್ತನ್ನು ಸಾಗಿಸುತ್ತವೆ. ಕಾರ್ಬನ್ ಮೃದು, ತಾಮ್ರ ಉಳಿಯಲೆಂದು ತಾನು ಸವೆಯುವುದೇ ಅದರ ಕೆಲಸ. ಅಗ್ಗದ ಭಾಗ ಸವೆದು ದುಬಾರಿ ಭಾಗವನ್ನು ಕಾಯುವ ಈ ಏರ್ಪಾಡಿನಲ್ಲಿ ಒಂದು ವಿವೇಕವಿದೆ.

ಎಂಜಿನ್ ನಿಂತಿತೆಂದರೆ ಮೋಟಾರು ಸುಟ್ಟಿದೆ ಎಂದು ತೀರ್ಮಾನಿಸಬೇಕಾಗಿಲ್ಲ. ಎಷ್ಟೋ ಬಾರಿ ಹಳೆಯ ಎಣ್ಣೆ ಅಂಟಾಗಿರುತ್ತದೆ. ಕಾರ್ಬನ್‌ನ ಕಪ್ಪು ಪುಡಿ ಕಮ್ಯುಟೇಟರಿನ ಸೀಳುಗಳಲ್ಲಿ ತುಂಬಿ, ಬೇರೆಯಾಗಿರಬೇಕಾದ ತುಣುಕುಗಳನ್ನು ಒಂದಾಗಿಸಿರುತ್ತದೆ. ಮರದ ಕಡ್ಡಿಯಿಂದ ಆ ಸೀಳುಗಳನ್ನು ಬಿಡಿಸಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತಾಮ್ರವನ್ನು ಒರೆಸಿದರೆ ಮೋಟಾರು ಮತ್ತೆ ತಿರುಗಬಹುದು. ಹಾಗೂ ತಿರುಗದಿದ್ದರೆ ಮಲ್ಟಿಮೀಟರ್ ಬೇಕು. ತುಣುಕುಗಳನ್ನು ಎರಡೆರಡಾಗಿ ಅಳೆದಾಗ ಮೂರು ಅಳತೆಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಅಳತೆ ಉಳಿದೆರಡರ ಇಮ್ಮಡಿಯಾಗಿದ್ದರೆ ಒಂದು ಸುರುಳಿಯ ತಂತಿ ಕಡಿದಿದೆ ಎಂದರ್ಥ. ಅದು ಬೆಸುಗೆಯ ಬಳಿಯಲ್ಲೇ ಕಡಿದಿದ್ದರೆ ಮತ್ತೆ ಬೆಸೆಯಲು ಸಾಧ್ಯ. ಏಕೆ ಇಮ್ಮಡಿ ಎಂಬುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ತ್ರಿಕೋನ ಬರೆದು ತಾವೇ ಲೆಕ್ಕ ಹಾಕಿ ನೋಡಲಿ.

ದುರಸ್ತಿಗೆ ತಿಳಿವಳಿಕೆ ಬೇಕೆಂಬುದನ್ನೂ ಈ ಮೋಟಾರು ಕಲಿಸುತ್ತದೆ. ಎರಡೂ ಬ್ರಶ್‌ಗಳನ್ನು ಒತ್ತಿ ಹಿಡಿಯುವುದು ಒಂದೇ ಸ್ಪ್ರಿಂಗಿನ ಎರಡು ಕಾಲುಗಳು. ಅದರ ಒಂದು ಕಾಲಿಗೆ ವಿದ್ಯುತ್ ಹರಿಯದಂತೆ ಸಣ್ಣ ಕೊಳವೆಯ ತೊಡಿಗೆ ಇರುತ್ತದೆ. ಅದನ್ನು ಮರೆತರೆ ಶಾರ್ಟ್ ಆಗುವುದು ಖಚಿತ. ಹಾಗೆಯೇ, ಆರ್ಮೇಚರನ್ನು ಹೊರತೆಗೆಯುವಾಗ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಕಬ್ಬಿಣದ ತುಂಡೊಂದನ್ನು ಸೇತುವೆಯಂತೆ ಇಡಬೇಕು. ಇಲ್ಲದಿದ್ದರೆ ಆ ಕಾಲದ ಅಯಸ್ಕಾಂತ ಬಲಗುಂದುತ್ತದೆ. ಬಿಚ್ಚಿದವನೆಲ್ಲ ಮೆಕ್ಯಾನಿಕ್ ಅಲ್ಲ. ಯಾವುದನ್ನು ಬಿಚ್ಚಬಾರದೆಂದು ಅರಿತವನು ಮೆಕ್ಯಾನಿಕ್.

ಈಚಿನ ಎಂಜಿನ್‌ಗಳಲ್ಲಿ ಬರುವುದು ತಗಡಿನ ಡಬ್ಬಿಯೊಳಗೆ ಮುಚ್ಚಿದ ಮೋಟಾರು. ಅದರ ಗುಣಗಳನ್ನು ಅಲ್ಲಗಳೆಯಲಾಗದು: ಧೂಳು ಸೇರುವುದು ಕಡಿಮೆ, ವಿದ್ಯುತ್ ಬಳಕೆ ಕಡಿಮೆ, ಓಟ ನಯ. ಆದರೆ ಬ್ರಶ್‌ಗಳು ಒಳಗೆ ಸೇರಿಹೋಗಿವೆ. ಬಟಾಣಿಗಿಂತ ಚಿಕ್ಕ ಕಾರ್ಬನ್ ಸವೆದರೆ ತಾಮ್ರ, ಉಕ್ಕು, ಅಯಸ್ಕಾಂತ ಎಲ್ಲವೂ ಕಸವಾಗಬೇಕು. ಇನ್ನು ಕೆಲವು ಎಂಜಿನ್‌ಗಳಲ್ಲಿ ಮೋಟಾರು ಸರಿಯಿದ್ದರೂ ಅಚ್ಚಿನ ಮೇಲೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಹಲ್ಲುಚಕ್ರ ವರ್ಷಗಳ ಸೆಳೆತಕ್ಕೆ ಸೀಳಿ, ಪ್ರತಿ ಸುತ್ತಿಗೂ ಎಂಜಿನ್ ಕುಪ್ಪಳಿಸುತ್ತದೆ. ನೈಲಾನಿನಂತಹ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯದು. ಹೊಸ ಚಕ್ರವೇ ಬೇಕು. ಅದು ಬಿಡಿಯಾಗಿ ಸಿಕ್ಕರೆ ಎಂಜಿನ್ ಉಳಿಯಿತು, ಸಿಗದಿದ್ದರೆ ಅಳಿಯಿತು. ಜರ್ಮನಿಯ ಗೋಪಿಂಗನ್‌ನಲ್ಲಿ 1859ರಲ್ಲಿ ಆರಂಭವಾದ ಮರ್ಕ್ಲಿನ್ ಸಂಸ್ಥೆ, ಎಂಜಿನ್ನಿನ ಬಿಡಿಭಾಗಗಳನ್ನು ಬಿಚ್ಚಿಟ್ಟಂತೆ ಚಿತ್ರಿಸಿ, ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟು, ಆ ಚಿತ್ರವನ್ನು ಕೊಳ್ಳುವವರ ಕೈಗೇ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಒಂದು ಹಾಳೆಯ ಕಾಗದ ಒಂದು ಯಂತ್ರದ ಆಯುಷ್ಯವನ್ನು ಎಷ್ಟು ಹೆಚ್ಚಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಈ ಮಾತು ನಮ್ಮ ಬೆಟ್ಟಗಳಿಗೆ ಸಂಬಂಧಿಸಿದ್ದೇ. ಲೋಹವೆಲ್ಲ ಯಾವುದಾದರೊಂದು ನೆಲದ ಒಡಲಿನಿಂದ ಬಂದದ್ದು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದದ್ದನ್ನೂ ಭದ್ರೆ ಕೆಂಪಾದದ್ದನ್ನೂ ನಾವು ಕಂಡವರು. 2002ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ, 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಗಣಿ ಬೇಡವೆಂದು ದನಿಯೆತ್ತಿದ ನಾವು, ಅಗೆದು ತೆಗೆದ ಲೋಹವನ್ನು ಸವೆದ ಕಾರ್ಬನ್ನಿನ ನೆಪದಲ್ಲಿ ಗುಜರಿಗೆ ಹಾಕುವುದು ಸರಿಯೇ? ಇಲ್ಲಿ ಬೇಡವೆಂದ ಗಣಿ ಇನ್ನೊಬ್ಬರ ಊರಿನಲ್ಲಿ ತೆರೆಯುತ್ತದೆ, ಅಷ್ಟೆ.

ದುರಸ್ತಿಯ ಕೂಲಿ ಕೆಲವೊಮ್ಮೆ ಹೊಸ ವಸ್ತುವಿನ ಬೆಲೆಯನ್ನು ಮುಟ್ಟುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಸುಳ್ಳಲ್ಲ. ಆದರೆ ಆ ಭಾರ ತಾನಾಗಿ ಬಂದದ್ದಲ್ಲ. ತಿರುಪು ಇರಬೇಕಾದಲ್ಲಿ ಅಂಟು ಹಾಕಿ, ಬಿಡಿಭಾಗ ಮಾರಬೇಕಾದಲ್ಲಿ ಇಡೀ ಪಂಪನ್ನೇ ಮಾರಿ ಹೇರಿದ್ದು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ, ಮೊದಲಿಗೆ ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಇದ್ದವು. ಯೂರೋಪಿನ ಒಕ್ಕೂಟವು 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನೇ ಹೊರಡಿಸಿತು. ಹಕ್ಕು ಕಾಗದದಿಂದ ಕೈಗೆ ಬರಬೇಕಾದರೆ ಕೇಳುವವರು ಬೇಕು.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಸ್ಪ್ರೇಯರನ್ನೋ ಮಿಕ್ಸಿಯನ್ನೋ ಕೊಳ್ಳುವ ಮೊದಲು, ಕಾರ್ಬನ್ ಬಿಡಿಯಾಗಿ ಸಿಗುತ್ತದೆಯೇ, ಮೋಟಾರು ಬೇರೆಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿರಿ. ಉತ್ತರವಿಲ್ಲದ ಕಡೆ ಕೊಳ್ಳಬೇಡಿರಿ. ಊರಿನ ಮೋಟಾರು ರಿಪೇರಿಯವರ ಬಳಿ ವಿದ್ಯಾರ್ಥಿಗಳು ರಜೆಯಲ್ಲಿ ನಾಲ್ಕು ದಿನ ಕುಳಿತು ಕಲಿಯಲಿ. ಆ ವಿದ್ಯೆ ಅವರೊಂದಿಗೇ ಮುಗಿದುಹೋಗುವುದು ಬೇಡ. ಹಾಳಾದ ಮೋಟಾರು ಮನೆಯಲ್ಲಿದ್ದರೆ ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಮೊದಲು ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯದಿರಿ.