ಸಸ್ಯಗಳ ಆತ್ಮರಕ್ಷಣೆಯೂ ತೊಗರಿಯ ನೆಟೆರೋಗವೂ

ಮುಂಜಾನೆ ಕಡಲೆಯ ಹೊಲದಲ್ಲಿ ನಡೆದವರ ಕಾಲಿಗೆ ತಗಲುವ ಹುಳಿಯು ಎಲ್ಲರಿಗೂ ಪರಿಚಿತವಾದುದೇ. ರಾತ್ರಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಔಷಧಕ್ಕೆ ಶೇಖರಿಸುವ ವಾಡಿಕೆಯೂ ಉಂಟು. ಆದರೆ ಅದು ಮನುಷ್ಯನಿಗಾಗಿ ಹುಟ್ಟಿದ ವಸ್ತುವಲ್ಲ. ಎಲೆಯ ಸೂಕ್ಷ್ಮ ರೋಮಗಳಿಂದ ಸ್ರವಿಸುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿವು. ಇವುಗಳಲ್ಲಿ ಆಕ್ಸಾಲಿಕ್ ಆಮ್ಲವು ಕಾಯಿಕೊರಕ ಹುಳುವಿನ ಬೆಳವಣಿಗೆಯನ್ನು ಕುಂಠಿತಗೊಳಿಸುವುದು. ಓಡಲಾರದ ಸಸ್ಯವು ಶತ್ರು ಬರುವ ಮುನ್ನವೇ ಆಯುಧವನ್ನು ಅಣಿಮಾಡಿಕೊಂಡಿರುತ್ತದೆ.

ಕಲಬುರಗಿ ಸೀಮೆಯ ಮುಖ್ಯ ಬೆಳೆಯಾದ ತೊಗರಿಯ ಆಯುಧವು ಹೀಗೆ ಹೊರಗೆ ಕಾಣತಕ್ಕದ್ದಲ್ಲ. ನೆಟೆರೋಗದ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು, ನೀರೇರುವ ನಾಳಗಳಲ್ಲಿ ಹಬ್ಬುತ್ತದೆ. ನಿರೋಧಶಕ್ತಿಯುಳ್ಳ ತಳಿಯು ಅದನ್ನು ಬೇಗನೆ ಗುರುತಿಸಿ, ಜೀವಕೋಶಗಳ ಗೋಡೆಗಳನ್ನು ಬಲಪಡಿಸಿ, ಶಿಲೀಂಧ್ರಕ್ಕೆ ವಿಷವಾಗುವ ಪದಾರ್ಥಗಳನ್ನು ಉತ್ಪತ್ತಿಮಾಡುವುದು. ದುರ್ಬಲ ತಳಿಯು ಇದನ್ನೇ ತಡವಾಗಿ ಮಾಡಿ, ಹೂವು ಕಾಯಿಗಳ ಕಾಲಕ್ಕೆ ಬಾಡಿ ನಿಲ್ಲುವುದು.

2022ರ ಮುಂಗಾರಿನ ತೊಗರಿಯು ಈ ಜಿಲ್ಲೆಯಲ್ಲಿ ನೆಟೆರೋಗಕ್ಕೆ ಈಡಾಗಿ ಅಪಾರ ನಷ್ಟವಾಯಿತು. ಅಷ್ಟಾದರೂ ಬಾಡಿದ ಗಿಡಕ್ಕೆ ಮದ್ದು ಸಿಂಪಡಿಸುವವರುಂಟು. ಎಲೆಯ ಮೇಲೆ ಬಿದ್ದ ಮದ್ದು ಬೇರಿನೊಳಗಿನ ರೋಗವನ್ನು ನೀಗಲಾರದು, ಅಂಗಡಿಯವನಿಗಷ್ಟೇ ಲಾಭ. ವೆಚ್ಚವು ಬಿತ್ತನೆಗೆ ಮುಂಚೆಯೇ ಆಗತಕ್ಕದ್ದು. 1986ರಲ್ಲಿ ಬಿಡುಗಡೆಯಾದ ಮಾರುತಿ, ಬಳಿಕ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿ.ಎಸ್.-3ಆರ್, ಜಿ.ಆರ್.ಜಿ.-811 ಇವು ನೆಟೆಯನ್ನು ತಾಳತಕ್ಕ ತಳಿಗಳು. ಆದರೆ ಮಾರುತಿಯು ಗೊಡ್ಡುರೋಗಕ್ಕೆ ಸುಲಭವಾಗಿ ತುತ್ತಾಗುವುದೆಂಬುದನ್ನು ಮರೆಯಲಾಗದು. ಬೀಜಕ್ಕೆ ಕಿಲೋಗ್ರಾಮಿಗೆ 4 ಗ್ರಾಮಿನಂತೆ ಟ್ರೈಕೋಡರ್ಮಾ ಲೇಪಿಸಿದರೆ, ಆ ಮಿತ್ರಶಿಲೀಂಧ್ರವು ಬೇರಿನ ಸುತ್ತ ನೆಲೆಸಿ ಶತ್ರುವನ್ನು ಅಡಗಿಸುವುದಲ್ಲದೆ, ಹಿಂದೆ ಮಕ್ಕಳಿಗೆ ದೇವಿ ಹಾಕಿಸುತ್ತಿದ್ದಂತೆ, ಗಿಡದ ಸ್ವಂತ ರಕ್ಷಣೆಯನ್ನೂ ಮುಂಚಿತವಾಗಿ ಎಚ್ಚರಿಸುವುದು. 5 ಕಿಲೋಗ್ರಾಂ ಬೀಜಕ್ಕೆ ಬೇಕಾದುದು ಕೇವಲ 20 ಗ್ರಾಂ!

ಬಾಳೆಯ ಪನಾಮಾ ರೋಗದ ಶಿಲೀಂಧ್ರವು ನೆಟೆಯ ಶಿಲೀಂಧ್ರಕ್ಕೆ ಜ್ಞಾತಿಯೇ. ಕಮಲಾಪುರದ ಕೆಂಬಾಳೆಯ ಕಂದನ್ನು ರೋಗವಿಲ್ಲದ ತೋಟದಿಂದಲೇ ತರಬೇಕೆಂದರೆ ಯಾರೂ ಅಲ್ಲಗಳೆಯರು. ತೊಗರಿಯ ಬೀಜಕ್ಕೆ ಮಾತ್ರ ಆ ವಿಚಾರಣೆ ಏಕಿಲ್ಲವೋ ತಿಳಿಯದು.

ತಳಿಯು ಎಷ್ಟೇ ಉತ್ತಮವಾಗಿದ್ದರೂ ಮಣ್ಣಿನಲ್ಲಿ ಶತ್ರುವಿನ ಸೈನ್ಯವನ್ನು ವರ್ಷವರ್ಷವೂ ಸಾಕಿದರೆ ಅದು ಸೋಲುವುದು. ಈ ಶಿಲೀಂಧ್ರವು ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುವುದು. ಬೆಲೆಯೇರಿತೆಂದು ಜೋಳವನ್ನು ಕೈಬಿಟ್ಟು ತೊಗರಿಯ ಮೇಲೆ ತೊಗರಿ ಬಿತ್ತುವ ಜಮೀನುದಾರರು ಇದನ್ನು ಲಕ್ಷ್ಯಕ್ಕೆ ತರಬೇಕು. ಬೆಳೆ ಪೂರ್ತಿ ಬದಲಿಸಲು ಮನಸ್ಸೊಪ್ಪದವರು ತೊಗರಿಯ ನಡುವೆ ಜೋಳದ ಸಾಲುಗಳನ್ನಾದರೂ ಹಾಕಲಿ. ಅದರಿಂದಲೂ ನೆಟೆಯು ತಗ್ಗುವುದು. ಕೂಳೆಯನ್ನು ಕಿತ್ತು ಸುಡುವ ಕೆಲಸವನ್ನು ಊರಿನ ಪ್ರಮುಖರು ಎಲ್ಲ ಹೊಲಗಳಲ್ಲಿಯೂ ಬೇಸಿಗೆಯಲ್ಲಿಯೇ ಮಾಡಿಸುವುದು ಯುಕ್ತ. ಮಳೆ ಬಿದ್ದ ಮೇಲೆ ಕೂಲಿಯಾಳು ಸಿಕ್ಕುವುದಿಲ್ಲ.